ಖಾಲಿ ನಿವೇಶನಗಳ ಊರಿನಲ್ಲಿ ಬಾಡಿಗೆ ಮನೆ

ಓದುಗರ ಪತ್ರ: ಮಾನ್ಯ ಸಂಪಾದಕರೇ, ನಾನು ಶಹಾಬಾದಿನ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದವನು. ಸ್ವಂತದ್ದೊಂದು ಮೂರು ಕೋಣೆಯ ಕಲ್ಲಿನ ಮನೆ ಇದೆ, ಕೇಳುವವರಿಲ್ಲ. ಮಗ ಕಲಬುರಗಿಯಲ್ಲಿ ನೌಕರಿಯಲ್ಲಿದ್ದಾನೆ. ಸಂಬಳದ ಮೂರರಲ್ಲಿ ಒಂದು ಪಾಲು ಬಾಡಿಗೆಗೇ ಹೋಗುತ್ತದೆ. ಇಲ್ಲಿಯ ಮನೆಯನ್ನು ಬಂದಷ್ಟಕ್ಕೆ ಮಾರಿ, ಮೇಲೆ ಸಾಲ ಮಾಡಿ, ರಿಂಗ್ ರಸ್ತೆಯ ಆಚೆ 30×40ರ ಪ್ಲಾಟು ಹಿಡಿಯೋಣ ಎನ್ನುತ್ತಾನೆ. ತಾವು ಹೊಸ ಬಡಾವಣೆಗಳ ವಿರುದ್ಧ ಬರೆಯುತ್ತಲೇ ಇದ್ದೀರಿ. ಆದರೆ ಜಾಗಕ್ಕೆ ಬೆಲೆ ಬಂದ ಊರೇ ಬೆಳೆದ ಊರಲ್ಲವೇ? ನಮ್ಮೂರು ಬಿದ್ದುಹೋಗಿದೆ ಎನ್ನುವುದಕ್ಕೆ ನನ್ನ ಮನೆಯ ಬೆಲೆಯೇ ಸಾಕ್ಷಿಯಲ್ಲವೇ?
— ಹಿರಿಯ ಓದುಗರೊಬ್ಬರು, ಶಹಾಬಾದ್

ಸಂಪಾದಕರ ಉತ್ತರ: ಶರಣು. ಮನೆ ಮಾರಬೇಕೇ ಬೇಡವೇ ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕಿಂತ ಮೊದಲು, ಬೆಲೆ ಬಂದ ಊರೇ ಬೆಳೆದ ಊರು ಎಂಬ ತಮ್ಮ ಮಾತನ್ನು ಹಾಗೆಯೇ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಬೆಲೆ ಏರಿದ್ದರಿಂದ ಯಾರಿಗೂ ಒಳಿತಾಗಿಲ್ಲ ಎಂದು ನಾನು ಹೇಳುವುದಿಲ್ಲ. ಹಿಂದೆಂದೋ ಸೇಡಂ ರಸ್ತೆಯಲ್ಲಿ ಒಂದು ಪ್ಲಾಟು ಹಿಡಿದಿಟ್ಟಿದ್ದ ಗುಮಾಸ್ತರೊಬ್ಬರು ಅದನ್ನು ಮಾರಿ ಮಗಳನ್ನು ಡಾಕ್ಟರಿಕೆ ಓದಿಸಿದರು. ಅದು ನ್ಯಾಯವಾದ ಲಾಭವೇ. ಆದರೆ ಅಂಥವರು ಕೆಲವರು. ಬಾಡಿಗೆ ಕಟ್ಟುತ್ತ ಬದುಕುವ ತಮ್ಮ ಮಗನಂಥವರು ಬಹಳ ಮಂದಿ.

ಒಂದು ಕಾಲಕ್ಕೆ ಈ ಜಿಲ್ಲೆಯಲ್ಲಿ ದುಡಿಮೆ ಮೊದಲು ಬಂದು ಮನೆ ಅದರ ಬೆನ್ನಿಗೆ ಬರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ, ಅವರ ಹೆಸರನ್ನೇ ಹೊತ್ತು ಕಲಬುರಗಿಯಲ್ಲಿ ಎಂಎಸ್‌ಕೆ, ಅಂದರೆ ಮಹಬೂಬ್ ಶಾಹಿ ಕಲಬುರಗಿ ಬಟ್ಟೆ ಮಿಲ್ ಎದ್ದಿತು. 1974ರ ರಾಷ್ಟ್ರೀಕರಣದ ಕಾಯ್ದೆಯಡಿ ಅದು ರಾಷ್ಟ್ರೀಯ ಜವಳಿ ನಿಗಮದ ಪಾಲಾಯಿತು, ಆಮೇಲೆ ಮುಚ್ಚಿಯೇ ಹೋಯಿತು. ತಮ್ಮ ಶಹಾಬಾದಿನ ಕಾರ್ಖಾನೆಯಂತೂ, 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಅದರಲ್ಲಿ ಸೇರಿದ್ದಷ್ಟು ಹಳೆಯದು. ಈಗ ಮಿಲ್ಲಿನ ಹೆಸರು ಉಳಿದಿರುವುದು ರಸ್ತೆ, ಬಡಾವಣೆ ಮತ್ತು ಅಂಚೆ ವಿಳಾಸಗಳಲ್ಲಿ. ನೂಲುವುದು, ನೇಯುವುದು ನಿಂತ ಊರಿನಲ್ಲಿ ಎಲ್ಲರ ಕಣ್ಣೆದುರು ಬೆಳೆದ ಉದ್ಯಮವೆಂದರೆ ನೆಲವನ್ನು ಕೊಂಡು ನೆಲವನ್ನು ಮಾರುವುದು. ಕೈಗೆ ಕೆಲಸ ಕೊಡದ ಈ ಉದ್ಯಮವನ್ನು ನಾವು ಅಭಿವೃದ್ಧಿ ಎಂದು ಕರೆಯುತ್ತ ಬಂದಿದ್ದೇವೆ, ಹಿರಿಯರೇ. ನನ್ನ ತಕರಾರು ಇರುವುದು ಇಲ್ಲಿಯೇ.

ರಿಂಗ್ ರಸ್ತೆ ದಾಟಿ ಯಾವ ದಿಕ್ಕಿಗೆ ಹೋದರೂ ನೋಡಬಹುದು. ಕಮಾನಿನ ಮೇಲೆ ಬಡಾವಣೆಯ ಹೆಸರು, ಒಳಗೆ ಡಾಂಬರು ರಸ್ತೆ, ದೀಪದ ಕಂಬ, ಎಣಿಸಿದಷ್ಟು ಮನೆ; ಉಳಿದದ್ದೆಲ್ಲ ಜಾಲಿಕಂಟಿ ಬೆಳೆದ ಪ್ಲಾಟುಗಳು. ಕೆಲವದರ ಸುತ್ತ ಗೋಡೆ ಕಟ್ಟಿ, ‘ಈ ಜಾಗ ಮಾರಾಟಕ್ಕಿಲ್ಲ’ ಎಂದು ಬಣ್ಣದಲ್ಲಿ ಬರೆದು, ಕೆಳಗೆ ಫೋನ್ ನಂಬರು ಹಾಕಿರುತ್ತಾರೆ. ಜಾಗದ ಧಣಿ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರುತ್ತಾನೆ. ಈ ಖಾಲಿ ಪ್ಲಾಟುಗಳನ್ನು ದಾಟಿ ದೂರದ ನಾಲ್ಕು ಮನೆಗಳಿಗೆ ನೀರಿನ ಕೊಳವೆ, ಒಳಚರಂಡಿ, ಕಸದ ಗಾಡಿ ಮುಟ್ಟಿಸುವ ಖರ್ಚು ಮಾತ್ರ ಇಡೀ ಊರಿನ ತಲೆಯ ಮೇಲೆ ಬೀಳುತ್ತದೆ.

ಊರೊಳಗಿನ ಬದುಕನ್ನೂ ಹೇಳಬೇಕು. ನಮ್ಮ ಪತ್ರಿಕೆಯ ಕಟ್ಟುಗಳನ್ನು ಅಂಗಡಿಗಳಿಗೆ ಮುಟ್ಟಿಸುವ ಹುಡುಗ ಹೆಂಡತಿ, ಮಗುವಿನೊಂದಿಗೆ ಮಹಡಿಯ ಮೇಲಿನ ತಗಡಿನ ಕೋಣೆಯಲ್ಲಿದ್ದಾನೆ. ಮೇ ತಿಂಗಳ ಮಧ್ಯಾಹ್ನ, ಹೊರಗೆ 43 ಡಿಗ್ರಿ ಬಿಸಿಲಿರುವಾಗ, ಆ ತಾಯಿ ಸೀರೆಯನ್ನು ತೋಯಿಸಿ ಕಿಟಕಿಗೆ ಕಟ್ಟಿ ಮಗುವನ್ನು ಅದರ ಕೆಳಗೆ ಮಲಗಿಸಿದ್ದಳು. ಬಾಗಿಲ ಹೊರಗಿನ ನೀರಿನ ಡ್ರಮ್ಮಿಗೆ ಸರಪಳಿ ಸುತ್ತಿ ಬೀಗ ಹಾಕಿದ್ದರು, ನಳ ಮತ್ತೆ ಯಾವಾಗ ಬರುತ್ತದೆಂದು ಗೊತ್ತಿಲ್ಲದ್ದರಿಂದ. ಕರಾರು ಹನ್ನೊಂದು ತಿಂಗಳದ್ದು. ಪ್ರತಿ ಸಲ ಬಾಡಿಗೆ ಏರುತ್ತದೆ, ತಗಡು ಅದೇ ಇರುತ್ತದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳ ಜೊತೆಗೆ ಇದೇ ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ದಿನದ 24 ಗಂಟೆಯೂ ನೀರು ಹರಿಸಿ ತೋರಿಸಿದ್ದರು. ಆಗದ ಕೆಲಸವೇನೂ ಅಲ್ಲ ಎಂದು ಅಂದೇ ರುಜುವಾತಾಗಿತ್ತು.

ಮಿಲ್ಲು ಮುಚ್ಚಿದ ಊರು ಎರಡು ದಾರಿ ಹಿಡಿಯಬಲ್ಲದು. ಮುಂಬಯಿಯಲ್ಲಿ 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು, ಹಲವು ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಆ ನೆಲದ ಮೂರರಲ್ಲಿ ಒಂದು ಪಾಲು ನಗರದ ಬಯಲಿಗೆ, ಇನ್ನೊಂದು ಪಾಲು ಬಡವರ ವಸತಿಗೆ ಎಂದು 1991ರಲ್ಲಿ ಮಾಡಿದ ನಿಯಮವನ್ನು 2001ರಲ್ಲಿ ಸಡಿಲಿಸಿದರು. 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಚಿಮಣಿ ಇದ್ದಲ್ಲಿ ಈಗ ಮಾಲುಗಳಿವೆ. ಇನ್ನೊಂದು ದಾರಿಯನ್ನು ನೋಡಲು ದೂರ ಹೋಗಬೇಕಾಗಿಲ್ಲ. ಸೊಲ್ಲಾಪುರವೂ ಮಿಲ್ಲುಗಳನ್ನು ಕಳೆದುಕೊಂಡ ಊರೇ. ಅಲ್ಲಿ ಕಾರ್ಮಿಕ ನಾಯಕ ನರಸಯ್ಯ ಆಡಂ ಅವರು ಬೀಡಿ ಕಟ್ಟುವ ಹೆಣ್ಣುಮಕ್ಕಳನ್ನು ಸಂಘಟಿಸಿ, ಊರ ಹೊರಗಿನ ಕುಂಭಾರಿಯಲ್ಲಿ ಕಮ್ಯುನಿಸ್ಟ್ ನಾಯಕಿ ಗೋದೂತಾಯಿ ಪರುಳೇಕರರ ಹೆಸರಿನಲ್ಲಿ 10,000 ಮನೆಗಳನ್ನು ಕಟ್ಟಿಸಿದರು. ಆಮೇಲೆ 30,000 ಮನೆಗಳ ರಾಯನಗರ ಯೋಜನೆಗೆ ಕೈಹಾಕಿ, ಅದರಲ್ಲಿ 15,000 ಮನೆಗಳ ಬೀಗದ ಕೈ 2024ರ ಜನವರಿಯಲ್ಲಿ ಕಾರ್ಮಿಕರ ಕೈಸೇರಿತು. ಬೀಡಿ ಕಟ್ಟುವವರ ಊರಿನಲ್ಲಿ ಆದದ್ದು ನಮ್ಮಲ್ಲಿ ಏಕೆ ಆಗುವುದಿಲ್ಲ ಎಂದು ನಮ್ಮ ಪ್ರತಿನಿಧಿಗಳನ್ನು ನಾವು ಕೇಳಿಲ್ಲ. ಸ್ಮಾರಕ ಕೇಳಿದ್ದೇವೆ, ವೃತ್ತಕ್ಕೆ ಹೆಸರು ಕೇಳಿದ್ದೇವೆ, ಕಲ್ಯಾಣ ಕರ್ನಾಟಕಕ್ಕೆ ಬಂದ ಹಣದಲ್ಲಿ ಭವನಗಳನ್ನು ಕೇಳಿದ್ದೇವೆ. ಕೂಲಿ ಮಾಡುವವನು ರಾತ್ರಿ ಎಲ್ಲಿ ಮಲಗುತ್ತಾನೆಂದು ಕೇಳಿಲ್ಲ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಏಳು ಬೃಹತ್ ಜವಳಿ ಪಾರ್ಕುಗಳಲ್ಲಿ ಒಂದು ಕಲಬುರಗಿಯದು, 1,000 ಎಕರೆಯದು. ಅದು ಬರಲಿ. ಅಲ್ಲಿ ದುಡಿಯುವವರ ವಸತಿಗೆ ಜಾಗವನ್ನು ಈಗಲೇ ತೆಗೆದಿಡದಿದ್ದರೆ, ಮೊದಲ ಮಗ್ಗ ತಿರುಗುವ ಮುನ್ನವೇ ಸುತ್ತಲಿನ ಹೊಲಗಳು ಪ್ಲಾಟುಗಳಾಗಿರುತ್ತವೆ.

ಇನ್ನು ತಮ್ಮ ಮನೆ. ಅದಕ್ಕೆ ಬೆಲೆಯಿಲ್ಲ ಎಂದು ಬರೆದದ್ದು ನನಗೆ ಸೇರಲಿಲ್ಲ, ಹಿರಿಯರು ಕ್ಷಮಿಸಬೇಕು. ಕೊಳ್ಳುವವರಿಲ್ಲದಿರುವುದು ಮನೆಯ ದೋಷವಲ್ಲ, ಕೆಲಸ ಹೋದದ್ದರ ಫಲ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 1950ರಲ್ಲಿ 18.5 ಲಕ್ಷ ಜನರಿದ್ದರು. ಕಾರು ಕಾರ್ಖಾನೆಗಳು ಸೊರಗಿ, 2020ರ ಗಣತಿಗೆ 6.4 ಲಕ್ಷ ಜನ ಉಳಿದರು. ಗಟ್ಟಿಮುಟ್ಟಾದ ಮನೆಗಳೂ ಅಲ್ಲಿ ಕೇಳುವವರಿಲ್ಲದೆ ಪಾಳುಬಿದ್ದವು. ಶಹಾಬಾದಿನ ಫರಸಿ ಕಲ್ಲನ್ನು ಮಹಾರಾಷ್ಟ್ರದ ಮನೆಗಳವರು ಹುಡುಕಿಕೊಂಡು ಬಂದು ಹಾಸಿದ್ದಾರೆ. ಅದೇ ಕಲ್ಲಿನ ಹಾಸು, ದಪ್ಪ ಗೋಡೆಗಳಿರುವ ಮನೆ ತಮ್ಮದು, ನಾನು ಮೇಲೆ ಹೇಳಿದ ತಗಡಿನ ಕೋಣೆಯ ಮಗುವಿಗೆ ಬೇಕಾದಂಥ ಮನೆ. ನಡುವೆ ಇರುವುದು 25 ಕಿಲೋಮೀಟರಿನಷ್ಟು ದಾರಿ, ಅದೂ ವಾಡಿ–ಸೊಲ್ಲಾಪುರ ರೈಲು ಮಾರ್ಗದ ಮೇಲೆಯೇ. ಬೆಳಿಗ್ಗೆ ಎರಡು, ಸಂಜೆ ಎರಡು ಗಾಡಿಗಳು ಕಚೇರಿ, ಆಸ್ಪತ್ರೆ, ಕಾಲೇಜುಗಳ ವೇಳೆಗೆ ಸರಿಯಾಗಿ ಓಡಿದರೆ ಶಹಾಬಾದಿನ ಖಾಲಿ ಮನೆಗಳು ಕಲಬುರಗಿಯ ದುಡಿಯುವವರ ಮನೆಗಳಾಗುತ್ತವೆ. ಪಾಲಿಕೆಯ ಹೊಸ ಬಡಾವಣೆಯ ಮೋರಿಯೊಂದರ ಖರ್ಚಿಗಿಂತ ಇದು ಹೆಚ್ಚಿನದ್ದಾಗಲಾರದು ಎಂಬುದು ನನ್ನ ನಂಬಿಕೆ. ತಮ್ಮೂರಿನ ಹಳೆಯ ಕಾರ್ಮಿಕ ಸಂಘದವರು ಸೇರಿ ರೈಲ್ವೆಗೆ ಈ ಬೇಡಿಕೆ ಬರೆದರೆ ನಮ್ಮ ಪತ್ರಿಕೆ ಅದನ್ನು ಪೂರ್ತಿಯಾಗಿ ಅಚ್ಚು ಹಾಕುತ್ತದೆ.

ಆದ್ದರಿಂದ ಸದ್ಯಕ್ಕೆ ಮಾರಬೇಡಿ. ಮನೆಯ ಇ-ಖಾತೆ ತಮ್ಮ ಹೆಸರಿಗೆ ಸರಿಯಾಗಿದೆಯೇ ಎಂದು ನಗರಸಭೆಯಲ್ಲಿ ವಿಚಾರಿಸಿ, ತೆರಿಗೆಯ ರಸೀದಿಗಳನ್ನು ಒಂದೆಡೆ ಇಡಿ. ಮಗನು ನೋಡಿಟ್ಟ ಪ್ಲಾಟಿಗೆ ಮುಂಗಡ ಕೊಡುವ ಮುನ್ನ, ಜಮೀನು ಕೃಷಿಯೇತರವಾಗಿ ಪರಿವರ್ತನೆಯಾಗಿದೆಯೇ, ಬಡಾವಣೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯೇ ಎಂಬುದನ್ನು ಕಾಗದದಲ್ಲೇ ನೋಡಬೇಕು, ದಲ್ಲಾಳಿಯ ಬಾಯಿಮಾತಿನಲ್ಲಲ್ಲ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಶಹಾಬಾದಿನ ಮನೆಯ ಮೇಲೆ ಒಂದು ರೂಪಾಯಿ ಸಾಲವನ್ನೂ ತೆಗೆಯಬೇಡಿ.