ಲೇಸರ್ ಕೊರೆದ ಹಲಗೆ, ಕೈಯೊತ್ತಿದ ಅಚ್ಚು

ಮಾನ್ಯರೇ,

ಶಿವಮೊಗ್ಗದ ಯುವ ಕಲಾವಿದರ ಮುದ್ರಣ ಚಿತ್ರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ಸಾಗರದಿಂದ ತಾವು ಬರೆದ ಪತ್ರ ತಲುಪಿದೆ. ಕಂಪ್ಯೂಟರಿನಲ್ಲಿ ರೇಖೆ ಸಿದ್ಧಪಡಿಸಿ, ಲೇಸರ್ ಯಂತ್ರದಲ್ಲಿ ಹಲಗೆ ಕೊರೆಸಿ, ಆಮೇಲೆ ಕೈಯಿಂದ ಶಾಯಿ ಹಚ್ಚಿ ಒತ್ತಿದ ಚಿತ್ರಗಳನ್ನು ಉಳಿಯಿಂದ ಕೆತ್ತಿದ ಮರದಚ್ಚುಗಳ ಸಾಲಿನಲ್ಲಿ ಕೂರಿಸಿದ್ದು ತಮಗೆ ಸರಿಕಂಡಿಲ್ಲ. ಗಂಧದ ಕೆತ್ತನೆಯ ಗುಡಿಗಾರರ ಊರಿನಲ್ಲಿದ್ದುಕೊಂಡು, ಉಳಿಯನ್ನೇ ಹಿಡಿಯದವರ ಕೆಲಸವನ್ನು ಕೈಗೆಲಸವೆಂದು ಹೇಗೆ ಒಪ್ಪಲಿ ಎಂದು ಕೇಳಿದ್ದೀರಿ. ಯಂತ್ರವಿರುವಾಗ 25 ಪ್ರತಿಗಳಿಗೇ ನಿಲ್ಲಿಸಿದ್ದೇವೆಂಬ ಮಾತನ್ನು ನಂಬುವುದು ಹೇಗೆ, ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕುವುದು ನ್ಯಾಯವೇ ಎಂಬ ಎರಡು ಪ್ರಶ್ನೆಗಳೂ ಪತ್ರದಲ್ಲಿವೆ. ಕೊನೆಯಲ್ಲಿ ಮೊಮ್ಮಗನ ವಿಷಯವೂ ಇದೆ.

ಗುಡಿಗಾರರ ಉದಾಹರಣೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಗಂಧದ ಪೆಟ್ಟಿಗೆಯ ಮೇಲಿನ ಬಳ್ಳಿಯನ್ನು ಉಳಿ ಬಿಡಿಸಿ ಮುಗಿಸಿದಾಗ ಕೆಲಸವೂ ಮುಗಿಯುತ್ತದೆ. ಕೊಳ್ಳುವವರು ಮನೆಗೊಯ್ಯುವುದು ಆ ಕೆತ್ತನೆಯನ್ನೇ. ಮುದ್ರಣದಲ್ಲಿ ಹಾಗಲ್ಲ. ಹಲಗೆ ಕೆತ್ತಿ ಮುಗಿದಾಗ ಅರ್ಧ ದಾರಿ ಸವೆದಿರುತ್ತದೆ ಅಷ್ಟೆ, ಅಂತಿಮ ಕೃತಿಯಾಗುವುದು ಕಾಗದ. ಹಲಗೆಯನ್ನು ಚಿತ್ರ ಬರೆದವರೇ ಕೆತ್ತಬೇಕೆಂಬ ನಿಯಮವೂ ಈ ಕಲೆಯಲ್ಲಿ ಇರಲಿಲ್ಲ. ಜಪಾನಿನ ಚಿತ್ರಕಾರ ಹೊಕುಸಾಯ್ ಕಾಗದದ ಮೇಲೆ ಚಿತ್ರ ಬರೆದುಕೊಟ್ಟರೆ ಅದನ್ನು ಚೆರಿ ಮರದ ಹಲಗೆಗಳಲ್ಲಿ ಕೆತ್ತುವವರು ಬೇರೆ, ಬಣ್ಣ ಹಚ್ಚಿ ಒತ್ತುವವರು ಬೇರೆ, ಹಣ ಹೂಡುವ ಪ್ರಕಾಶಕರು ಬೇರೆ. ತಾಮ್ರದ ತಗಡಿನಿಂದ ಅಚ್ಚು ತೆಗೆಯುವ ಎಚ್ಚಿಂಗ್‌ನಲ್ಲಿ ಕಲಾವಿದರು ಸೂಜಿಯಿಂದ ಗೀರುವುದು ಮೇಲಿನ ಮೇಣದಂಥ ಲೇಪವನ್ನು ಮಾತ್ರ, ಲೋಹವನ್ನು ತಿನ್ನುವುದು ಆಮ್ಲ. ಕನ್ನಡದ ಮೊದಲ ಪತ್ರಿಕೆ, 1843ರಲ್ಲಿ ಜರ್ಮನ್ ಪಾದ್ರಿ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರು ಸಮಾಚಾರ’ ಹೊರಬಂದದ್ದು ಕಲ್ಲಚ್ಚಿನಲ್ಲಿ. ಜಿಡ್ಡು ಮತ್ತು ನೀರು ಒಂದಕ್ಕೊಂದು ಕೂಡುವುದಿಲ್ಲವೆಂಬ ಗುಣದ ಮೇಲೆ ನಿಂತ ಆ ವಿಧಾನದಲ್ಲಿ ಉಳಿಗೆ ಕೆಲಸವೇ ಇಲ್ಲ.

ಹಾಗಾದರೆ ಲೇಸರ್ ಬಂದ ಮೇಲೆ ಕೈಗೆ ಉಳಿಯುವುದೇನು? ಕಷ್ಟವೆಲ್ಲ ಕೈಗೇ ಉಳಿಯುತ್ತದೆ, ಅದರಲ್ಲೂ ನಮ್ಮ ಮಲೆನಾಡಿನಲ್ಲಿ. ನಾಲ್ಕು ಬಣ್ಣದ ಚಿತ್ರಕ್ಕೆ ನಾಲ್ಕು ಹಲಗೆಗಳನ್ನು ಯಂತ್ರ ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಕೊರೆದುಕೊಡುತ್ತದೆ, ನಿಜ. ಆದರೆ ಆಷಾಢದ ಮಳೆಯಲ್ಲಿ ಕಾಗದ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಎಲ್ಲ ಕಡೆಗೂ ಒಂದೇ ಸಮನಾಗಿಯೂ ಅಲ್ಲ. ನಾರು ಓಡಿದ ದಿಕ್ಕಿಗೆ ಕಡಿಮೆ, ಅಡ್ಡಕ್ಕೆ ಹೆಚ್ಚು. ಸೋಮವಾರ ಹಳದಿ ಒತ್ತಿದ ಹಾಳೆಯ ಮೇಲೆ ಗುರುವಾರ ನೀಲಿ ಒತ್ತಲು ಹೋದರೆ ಎಲೆಯ ಅಂಚಿನಲ್ಲಿ ಬಿಳಿಯ ಸೀಳೊಂದು ಇಣುಕುತ್ತದೆ. ಎಣ್ಣೆ ಶಾಯಿಯಂತೂ ಆ ದಿನಗಳಲ್ಲಿ ಬೇಗ ಒಣಗುವುದಿಲ್ಲ. ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟ ಹಾಳೆಗಳು ದಿನಗಟ್ಟಲೆ ಬೆರಳಿಗೆ ಅಂಟುತ್ತಲೇ ಇರುತ್ತವೆ. ಆದ್ದರಿಂದ ಅಷ್ಟೂ ಹಾಳೆಗಳನ್ನು ಒಂದೇ ಹದಕ್ಕೆ ತೇವ ಮಾಡಿ, ಪ್ಲಾಸ್ಟಿಕ್ ಸುತ್ತಿ, ಭಾರ ಹೇರಿಟ್ಟು, ಕೆಲಸ ಮುಗಿಯುವವರೆಗೆ ಆ ಹದವನ್ನು ಕಾಯಬೇಕು. ಇದನ್ನು ಹೇಳಿಕೊಡುವ ಸಾಫ್ಟ್‌ವೇರನ್ನು ನಾನಂತೂ ಕಂಡಿಲ್ಲ.

ಹಲಗೆಯ ವಿಷಯದಲ್ಲೂ ಯಂತ್ರದ ಕೆಲಸ ನಾವು ಊಹಿಸುವಷ್ಟು ನುಣುಪಲ್ಲ. ಲೇಸರ್ ಮರವನ್ನು ಕೆತ್ತುವುದಿಲ್ಲ, ಸುಡುತ್ತದೆ. ಮೆದುವಾದ ಪದರ ಆಳಕ್ಕೆ ಸುಡುತ್ತದೆ, ಗಟ್ಟಿ ಪದರ ಮೇಲೇ ನಿಲ್ಲುತ್ತದೆ, ಪ್ಲೈವುಡ್ಡಿನ ಅಂಟಿನ ಗೆರೆ ಬಂದಲ್ಲಿ ಕಿರಣ ತಡೆಯುತ್ತದೆ. ಕೊರೆದ ಗುಂಡಿಗಳಲ್ಲಿ ಕೂತ ಮಸಿಯನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯದಿದ್ದರೆ ಮೊದಲ ಪ್ರತಿಗಳ ಹಳದಿ ಕೊಳೆಯಾಗುತ್ತದೆ. ಗುಂಡಿಯ ಆಳ ಕಡಿಮೆಯಾದರೆ ರೋಲರ್ ಒಳಕ್ಕಿಳಿದು ಬೇಡದ ಕಡೆ ಶಾಯಿ ಬಿಡುತ್ತದೆ. ಆ ಶಾಯಿಯ ಕಲೆಯನ್ನು ಹಾಗೇ ಬಿಡಬೇಕೋ, ಉಳಿ ಹಿಡಿದು ಆಳ ಮಾಡಬೇಕೋ ಎಂದು ತೀರ್ಮಾನಿಸಲು ಕಣ್ಣು ಪಳಗಿರಬೇಕು. ಶಾಯಿ ಹಚ್ಚುವುದೇ ಎಂಥ ವಿದ್ಯೆ ಎಂಬುದಕ್ಕೆ ಪ್ಯಾರಿಸ್‌ನಲ್ಲಿ ಹೇಟರ್ ಅವರ ಮುದ್ರಣ ಕಲಾಶಾಲೆ ಅತೆಲಿಯೇ 17ರಲ್ಲಿ ದುಡಿದ ನಮ್ಮ ಕೃಷ್ಣಾ ರೆಡ್ಡಿಯವರೇ ಸಾಕ್ಷಿ: ಬೇರೆ ಬೇರೆ ಸ್ನಿಗ್ಧತೆಯ, ಅಂದರೆ ಕೆಲವು ಮಂದ ಕೆಲವು ತೆಳುವಾದ ಶಾಯಿಗಳನ್ನು ಮೆದು ಮತ್ತು ಗಟ್ಟಿ ರೋಲರುಗಳಿಂದ ಒಂದೇ ತಗಡಿಗೆ ಹಚ್ಚಿ, ಒಂದೇ ಒತ್ತಿಗೆ ಹಲವು ಬಣ್ಣ ತೆಗೆಯುವ ವಿಧಾನ ರೂಪುಗೊಂಡದ್ದರಲ್ಲಿ ಅವರ ಪಾಲು ದೊಡ್ಡದು.

ಪ್ರತಿಗಳ ಸಂಖ್ಯೆಯ ಬಗ್ಗೆ ತಮ್ಮ ಅನುಮಾನ ಮಾತ್ರ ನ್ಯಾಯವಾದದ್ದೇ. ಚಿತ್ರದ ಕೆಳಗೆ ಪೆನ್ಸಿಲ್ಲಿನಲ್ಲಿ 7/25 ಎಂದು ಬರೆದು ಸಹಿ ಹಾಕಿದರೆ ಇಪ್ಪತ್ತೈದರಲ್ಲಿ ಏಳನೆಯದು ಎಂದರ್ಥ, ಮತ್ತು ಇಪ್ಪತ್ತೈದಾದ ಮೇಲೆ ಹಲಗೆಗೆ ಅಡ್ಡಗೀಟು ಕೊರೆದು ಕೆಡಿಸುವ ಪದ್ಧತಿ ಹಿಂದಿನಿಂದ ಇದೆ. ಲೇಸರ್ ಹಲಗೆಯನ್ನು ಕೆಡಿಸಿದರೆ ಏನೂ ಕೆಡುವುದಿಲ್ಲ. ಫೈಲ್ ಇದ್ದಲ್ಲೇ ಇರುತ್ತದೆ, ನಾಳೆ ಬೆಳಗ್ಗೆ ಇನ್ನೊಂದು ಹಲಗೆ ಬರುತ್ತದೆ. ಹೀಗಾಗಿ ಕೊಳ್ಳುವವರಿಗೆ ಕಲಾವಿದರು ಲಿಖಿತವಾಗಿ ಹೇಳಬೇಕು: ಯಂತ್ರ ಮಾಡಿದ್ದೆಷ್ಟು, ಕೈ ಮಾಡಿದ್ದೆಷ್ಟು, ಫೈಲನ್ನು ಏನು ಮಾಡಲಾಯಿತು. ಇಂಕ್‌ಜೆಟ್ ಪ್ರಿಂಟರಿನಿಂದ ತೆಗೆದ ಪ್ರತಿಗೆ ಸಂಖ್ಯೆ ಬರೆದು ಮರದಚ್ಚಿನ ಬೆಲೆಗೆ ಮಾರುವವರೂ ಇದ್ದಾರೆ, ಅದನ್ನು ಮೋಸವೆಂದೇ ಕರೆಯುತ್ತೇನೆ. ಮುಂದಿನ ಸಂಚಿಕೆಯಿಂದ ನಾವು ಅಚ್ಚು ಹಾಕುವ ಪ್ರತಿ ಮುದ್ರಣ ಚಿತ್ರದ ಅಡಿಯಲ್ಲಿ ಈ ವಿವರಗಳಿರುತ್ತವೆ.

ಹಸೆ ಚಿತ್ತಾರದ ವಿಷಯದಲ್ಲಿ ನನ್ನ ಅಭಿಪ್ರಾಯ ತಮ್ಮದಕ್ಕಿಂತ ಕಟುವಾಗಿದೆ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಎಳೆಯುವ ಗೆರೆ ತುದಿಯಲ್ಲಿ ತೆಳುವಾಗುತ್ತದೆ, ಕುಂಚ ಮತ್ತೆ ಅದ್ದಿದ ಜಾಗದಲ್ಲಿ ದಪ್ಪವಾಗುತ್ತದೆ. ಫೋಟೋ ಹಿಡಿದು ಕಂಪ್ಯೂಟರಿಗೆ ಗೆರೆ ಹಿಡಿಯಲು ಬಿಟ್ಟರೆ ಅದು ಈ ಏರಿಳಿತವನ್ನೆಲ್ಲ ತಪ್ಪೆಂದು ತಿಳಿದು ತಿದ್ದಿಬಿಡುತ್ತದೆ. ಕೈಯ ಗುರುತು ಅಳಿಯುವುದು ಲೇಸರಿನಿಂದಲ್ಲ, ಅದಕ್ಕೂ ಮುಂಚಿನ ಈ ಹಂತದಲ್ಲಿ. ಬರೆದವರ ಹೆಸರು ಹಾಕದೆ, ಒಪ್ಪಿಗೆ ಕೇಳದೆ, ಮಾರಾಟದ ಹಣದಲ್ಲಿ ಪಾಲು ಕೊಡದೆ ತೆಗೆದ ಮುದ್ರಣಗಳು ಎಷ್ಟೇ ಚೆನ್ನಾಗಿದ್ದರೂ ನಮ್ಮ ಪತ್ರಿಕೆಯಲ್ಲಿ ಅವಕ್ಕೆ ಜಾಗವಿಲ್ಲ.

ಇನ್ನು ಮೊಮ್ಮಗ ಅಚ್ಚು ಕೆತ್ತಲು ಬಳಸುವ ಮೆದುವಾದ ಲಿನೋ ಹಾಳೆಯನ್ನು ನಾಮಫಲಕ ಕೊರೆಯುವ ಅಂಗಡಿಗೆ ಒಯ್ಯಬಹುದೇ ಎಂದು ಕೇಳಿದ್ದೀರಿ. ಲಿನೋ ಎಂದು ಮಾರುವ ಹಾಳೆಗಳಲ್ಲಿ ಕೆಲವು ಪಿವಿಸಿ ಪ್ಲಾಸ್ಟಿಕ್ಕಿನವು. ಅವನ್ನು ಲೇಸರಿಗೆ ಒಡ್ಡಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಟು ಉಸಿರಿಗೂ ಅಪಾಯ, ಯಂತ್ರಕ್ಕೂ ತುಕ್ಕು. ತಿಳಿದ ಅಂಗಡಿಯವರು ಮುಟ್ಟುವುದೇ ಇಲ್ಲ. ತೆಳು ಪ್ಲೈವುಡ್ ಒಯ್ಯಲಿ, ಅಕ್ಷರಗಳಿದ್ದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಂಡು ಒಯ್ಯಲಿ. ಕೊರೆಸಿ ತಂದ ಮೇಲೆ ಆ ಮಸಿ ಉಜ್ಜುವ ಕೆಲಸವನ್ನು ಮನೆಯೊಳಗೆ ಬೇಡ, ಜಗಲಿಯ ಹೊರಗೆ ಮಾಡಿಸಿ.

— ಸಂಪಾದಕ