ಆಪ್ತಸಲಹೆ ಪ್ರಕರಣ: ಉತ್ತರ ಗೊತ್ತು, ಪ್ರಶ್ನೆ ಗೊತ್ತಾಗಲ್ಲ

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಈಗ ಇಂಗ್ಲಿಷ್ ಮಾಧ್ಯಮದಲ್ಲಿ ಪ್ರಥಮ ಪಿಯುಸಿ ವಿಜ್ಞಾನ. (ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.) ಹತ್ತರಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ಬಂದಿದ್ದ ಹುಡುಗಿ ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರ ಫೇಲು. "ದಿನಾ ರಾತ್ರಿ ಡಿಕ್ಷನರಿ ಹಿಡ್ಕೊಂಡು ಮೂವತ್ತು ಪದ ಬಾಯಿಪಾಠ ಮಾಡ್ತಾಳೆ ಮೇಡಂ, ಬೆಳಿಗ್ಗೆ ಕೇಳಿದ್ರೆ ಒಂದೂ ಬರಲ್ಲ" ಎಂದರು ತಾಯಿ. ಕಾಮರ್ಸಿಗೆ ಬದಲಾಯಿಸುವ ಮಾತೂ ಮನೆಯಲ್ಲಿ ಶುರುವಾಗಿತ್ತು.

ಭೌತಶಾಸ್ತ್ರದ ಒಂದು ಪುಟ ಕೊಟ್ಟು, ತಿಳಿಯದ ಪದಗಳಿಗೆ ಗೆರೆ ಎಳೆಸಲಾಯಿತು. ಪಾರಿಭಾಷಿಕ ಪದಗಳಿಗೆ, ಅಂದರೆ ಆ ವಿಷಯಕ್ಕೇ ಮೀಸಲಾದ ಪದಗಳಿಗೆ, ಬಿದ್ದ ಗೆರೆ ಕಡಿಮೆ. ಅವನ್ನು ಉಪನ್ಯಾಸಕರೇ ಬೋರ್ಡಿನ ಮೇಲೆ ಬರೆದು ವಿವರಿಸುತ್ತಾರೆ. ಅವಳು ಎಡವಿದ್ದು ಅಸ್ಯೂಮ್ (ಹೀಗೆಂದು ಇಟ್ಟುಕೊ), ಡಿರೈವ್ (ಸೂತ್ರವನ್ನು ಸಾಧಿಸು), ನೆಗ್ಲೆಕ್ಟ್‌ (ಲೆಕ್ಕಕ್ಕೆ ಬಿಡು) ಎಂಬಂಥವುಗಳಲ್ಲಿ. ಇವನ್ನು ಯಾವ ಮೇಷ್ಟರೂ ಕಲಿಸುವುದಿಲ್ಲ, ಬರುತ್ತದೆಂದೇ ನಂಬಿರುತ್ತಾರೆ. ‘ಸ್ಟೇಟ್ ನ್ಯೂಟನ್ಸ್ ಸೆಕೆಂಡ್ ಲಾ’ ಎಂಬ ಪ್ರಶ್ನೆಯನ್ನು ಅವಳು ಬಿಟ್ಟುಬಂದಿದ್ದಳು. ನಿಯಮ ಬಾಯಿಗೆ ಬರುತ್ತಿತ್ತು, ಆದರೆ ಸ್ಟೇಟ್ ಎಂದರೆ ರಾಜ್ಯ ಎಂದಷ್ಟೇ ಗೊತ್ತಿತ್ತು, ‘ನಿರೂಪಿಸು’ ಎಂಬ ಅರ್ಥ ಗೊತ್ತಿರಲಿಲ್ಲ.

ಡಿಕ್ಷನರಿ ಬಾಯಿಪಾಠ ಅಂದೇ ನಿಲ್ಲಿಸಲು ಹೇಳಿದೆವು. ಅಕಾರಾದಿಯಲ್ಲಿ ಒಂದೇ ರೀತಿ ಶುರುವಾಗುವ ಪದಗಳು ಪಕ್ಕಪಕ್ಕ ಬಂದು ಒಂದಕ್ಕೊಂದು ಕಲಸಿಕೊಳ್ಳುತ್ತವೆ. ಅಫೆಕ್ಟ್, ಎಫೆಕ್ಟ್‌ನಂಥ ಜೋಡಿಯನ್ನೂ ಒಂದೇ ದಿನ ಕಲಿಯಬಾರದು. ಮೊದಲನೆಯದು ಒಂದು ವಾರ ಗಟ್ಟಿಯಾದ ಮೇಲೆ ಎರಡನೆಯದು.

ಬದಲಿಗೆ ದಿನಕ್ಕೆ ಆರು ಪದ, ಅಂದಿನ ಪಾಠದಿಂದಲೇ. ಭಾನುವಾರ ಹೊಸದಿಲ್ಲ. ರಟ್ಟಿನ ಚೀಟಿಯ ಒಂದು ಬದಿ ಪುಸ್ತಕದ ವಾಕ್ಯ, ಪದದ ಜಾಗ ಖಾಲಿ. ಹಿಂಬದಿ ಪದ, ಕನ್ನಡದಲ್ಲಿ ಉಚ್ಚಾರ, ಆ ವಾಕ್ಯಕ್ಕೆ ಹೊಂದುವ ಒಂದೇ ಅರ್ಥ. ಉಚ್ಚಾರವನ್ನು ಮೊಬೈಲಿನ ಡಿಕ್ಷನರಿಯಲ್ಲಿ ಕೇಳಿಯೇ ಬರೆಯಬೇಕು. ಅವಳು ‘ಡಿಟರ್ಮೈನ್’ ಎಂದು ಓದಿಕೊಂಡಿದ್ದರಿಂದ ತರಗತಿಯಲ್ಲಿ ‘ಡಿಟರ್ಮಿನ್’ ಕಿವಿಗೆ ಬಿದ್ದಾಗ ಬೇರೆ ಪದವೆಂದುಕೊಂಡಿದ್ದಳು.

ಚೀಟಿಗಳಿಗೆ ಮೂರು ಡಬ್ಬಿ: ದಿನವೂ ನೋಡುವುದು, ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ಸರಿ ಹೇಳಿದರೆ ಮುಂದಿನ ಡಬ್ಬಿ, ತಪ್ಪಿದರೆ ಮತ್ತೆ ಮೊದಲನೆಯದು. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪ್ರಚಾರಕ್ಕೆ ತಂದ ಪದ್ಧತಿಯ ಸರಳ ರೂಪವಿದು. ಹಿಂಬದಿ ನೋಡಿ "ಹೂಂ, ಗೊತ್ತಿತ್ತು" ಎಂದರೆ ಲೆಕ್ಕಕ್ಕಿಲ್ಲ. ಮೊದಲು ಗಟ್ಟಿಯಾಗಿ ಹೇಳಿ ಆಮೇಲೆ ತಿರುಗಿಸಬೇಕು. ಮೊದಲ ಡಬ್ಬಿಯಲ್ಲಿ ಇಪ್ಪತ್ತು ದಾಟಿದರೆ ಹೊಸ ಚೀಟಿ ಬಂದ್.

ಪಾಠದಲ್ಲಿ ಆರು ಸಿಗದ ದಿನಕ್ಕೆ ಏವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಪಟ್ಟಿ ಸೂಚಿಸಿದೆವು. ಅದರಲ್ಲಿರುವುದು 570 ಪದಕುಟುಂಬ, ಅಂದರೆ ಒಂದೇ ಮೂಲಪದದಿಂದ ಬಂದ ಪದಗಳ ಗುಂಪು. ಮೊದಲ 60 ಸಾಕು. ಅಸ್ಯೂಮ್, ಡಿರೈವ್ ಅದರಲ್ಲೇ ಇವೆ.

ಪಾರಿಭಾಷಿಕ ಪದಗಳಿಗೆ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಎರಡೂ ಮಾಧ್ಯಮದಲ್ಲಿದೆ, ಪಾಠ ಒಂದೇ. ಪಕ್ಕಪಕ್ಕ ಇಟ್ಟು ಓದಲು ತಿಳಿಸಿದೆವು. ವಿಭವಾಂತರ, ವಕ್ರೀಭವನ ಅವಳಿಗೆ ಚೆನ್ನಾಗಿ ಗೊತ್ತು, ಇಂಗ್ಲಿಷ್ ಹೆಸರಷ್ಟೇ ಹೊಸದು.

ಮರುಭೇಟಿಯ ಹೊತ್ತಿಗೆ ಪ್ರಶ್ನೆ ಬಿಡುವುದು ನಿಂತಿತ್ತು, ಆದರೆ ಉತ್ತರದಲ್ಲಿ ‘ಪ್ರಪೋರ್ಷನಲ್ ವಿತ್’ ಎಂಬಂಥ ತಪ್ಪುಗಳಿದ್ದವು. ಇನ್ನು ಮುಂದೆ ಚೀಟಿಯಲ್ಲಿ ಬಿಡಿಪದ ಬೇಡ, ‘ಪ್ರಪೋರ್ಷನಲ್ ಟು’ ಎಂದು ಜೋಡಿಯಾಗಿಯೇ ಬರೆಯಬೇಕೆಂದು ಹೇಳಿ, ಕಾಮರ್ಸಿನ ಮಾತನ್ನು ಅರ್ಧವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಎತ್ತದಂತೆ ತಂದೆತಾಯಿಯನ್ನು ಒಪ್ಪಿಸಲಾಯಿತು.