ಕೋವಿಡ್ ಆದ ಮೇಲೆ ಯಾರು ಯಾರನ್ನು ನಂಬಬೇಕು?

ಪ್ರಶ್ನೆ: ಕೋವಿಡ್ ಬಂದಾಗ ಅಮೆರಿಕದ ಕಾಲ ಮುಗಿಯಿತು, ಜಗತ್ತೇ ತಲೆಕೆಳಗಾಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಹಾಗೇನೂ ಆಗಲಿಲ್ಲ ಅಲ್ವಾ?
– ಓದುಗರೊಬ್ಬರು, ಹಾಸನ

ಉತ್ತರ: ಹೌದು, ದೊಡ್ಡಣ್ಣಂದಿರು ಬದಲಾಗಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ವೀಟೊ, ಅಂದರೆ ಯಾವ ನಿರ್ಣಯವನ್ನಾದರೂ ತಡೆಯುವ ಅಧಿಕಾರ, ಇರುವ ಐದು ದೇಶಗಳು ಈಗಲೂ ಅವೇ. ಆದರೆ ಕಷ್ಟ ಬಂದಾಗ ದೊಡ್ಡ ದೇಶಗಳು ಕೈಗೆ ಆಗುತ್ತವೆ ಅನ್ನೋ ನಂಬಿಕೆಗೆ ದೊಡ್ಡ ಪೆಟ್ಟು ಬಿತ್ತು.

ನೇಪಾಳವನ್ನೇ ನೋಡಿ. 2021ರ ಜನವರಿಯಲ್ಲಿ ಭಾರತ ಅವರಿಗೆ 10 ಲಕ್ಷ ಡೋಸ್ ಕೋವಿಶೀಲ್ಡ್ ಸುಮ್ನೆ ಕೊಟ್ಟಿತು, ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಇನ್ನೂ 20 ಲಕ್ಷ ಡೋಸ್ ಅವರೇ ಖರೀದಿಗೆ ಹಾಕಿದರು, ಅದರಲ್ಲಿ ಅರ್ಧ ಬಂತು. ಮಾರ್ಚಿನಲ್ಲಿ 65 ದಾಟಿದ ಅಜ್ಜ ಅಜ್ಜಿಯರು ಮೊದಲ ಡೋಸ್ ಹಾಕಿಸಿಕೊಂಡರು. ಅಷ್ಟರಲ್ಲಿ ನಮ್ಮಲ್ಲಿ ಎರಡನೇ ಅಲೆ ಬಂತು, ರಫ್ತು ನಿಂತಿತು. ನಮ್ಮ ಸರ್ಕಾರ ಬೇರೇನು ಮಾಡಬೇಕಿತ್ತು? ಚಾಮರಾಜನಗರದಲ್ಲಿ ಆಕ್ಸಿಜನ್ ಇಲ್ಲದೆ ಜನ ಸತ್ತ ದಿನಗಳವು. ಆದರೆ ಅಲ್ಲಿ ಆ ಹಿರಿಯರು ಎರಡನೇ ಡೋಸಿಗೆ ತಿಂಗಳುಗಟ್ಟಲೆ ಕಾದರು, ಚೀನಾದ ಲಸಿಕೆ ಬಂದರೂ ಅದು ಬೇರೆ ಲಸಿಕೆ, ಕೊನೆಗೆ ಆಗಸ್ಟಿನಲ್ಲಿ ಜಪಾನ್ ಕೊಟ್ಟ, ಕೋವಿಶೀಲ್ಡ್ ಬಗೆಯದ್ದೇ ಆದ 16 ಲಕ್ಷ ಡೋಸ್ ಅವರ ಕೈ ಹಿಡಿಯಿತು. ಮುಂದಿನ ಸಲ ಒಂದೇ ನೆರೆಯವರನ್ನು ನಂಬಿ ಕೂರಲು ಯಾವ ಚಿಕ್ಕ ದೇಶ ಒಪ್ಪುತ್ತದೆ ಹೇಳಿ? ನನಗೆ ಇದೇ ಜಾಸ್ತಿ ಚಿಂತೆ.

ಪ್ರಶ್ನೆ: ವಿಶ್ವ ಆರೋಗ್ಯ ಸಂಸ್ಥೆ ಇದ್ದೂ ಏನು ಪ್ರಯೋಜನ ಆಯಿತು?
– ಓದುಗರೊಬ್ಬರು, ಶಿರಸಿ

ಉತ್ತರ: ಅದರ ಕೈ ಕಟ್ಟಿದೆ. ಒಂದು ದೇಶ ಬೇಡ ಅಂದರೆ ಒಳಗೆ ಹೋಗಿ ತಪಾಸಣೆ ಮಾಡುವ ಅಧಿಕಾರ ಅದಕ್ಕಿಲ್ಲ. 2020ರ ಏಪ್ರಿಲಿನಲ್ಲಿ ಸೋಂಕು ಹುಟ್ಟಿದ್ದು ಹೇಗೆ ಅಂತ ಸ್ವತಂತ್ರ ತನಿಖೆ ಆಗಲಿ ಅಂತ ಆಸ್ಟ್ರೇಲಿಯಾ ಕೇಳಿತು. ಮೇ ತಿಂಗಳಲ್ಲೇ ಚೀನಾ ಅವರ ಬಾರ್ಲಿ ಮೇಲೆ ಶೇ 80ರಷ್ಟು ಸುಂಕ ಹಾಕಿತು. ಕಡಿಮೆ ಬೆಲೆಗೆ ತಂದು ಸುರಿಯುತ್ತಿದ್ದಾರೆ ಅನ್ನೋದು ಚೀನಾ ಕೊಟ್ಟ ಕಾರಣ, ಆಸ್ಟ್ರೇಲಿಯಾದಲ್ಲಿ ಅದನ್ನು ನಂಬಿದವರು ಕಡಿಮೆ. ಆ ಸುಂಕ ಹೋಗಿದ್ದು 2023ರಲ್ಲಿ. ಅತ್ತ ಅಮೆರಿಕ 2020ರಲ್ಲಿ ಸಂಸ್ಥೆ ಬಿಡುತ್ತೇನೆ ಅಂತ ನೋಟಿಸ್ ಕೊಟ್ಟಿತು, 2021ರಲ್ಲಿ ಬೈಡನ್ ಅದನ್ನು ವಾಪಸ್ ಪಡೆದರು, 2025ರ ಜನವರಿಯಲ್ಲಿ ಟ್ರಂಪ್ ಮತ್ತೆ ಹೊರನಡೆಯುವ ಆದೇಶಕ್ಕೆ ಸಹಿ ಹಾಕಿದರು.

ಹಾಗಿದ್ದೂ 2025ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಉಳಿದ ದೇಶಗಳು ಸೇರಿ, ಮುಂದಿನ ಸಾಂಕ್ರಾಮಿಕವನ್ನು ಒಟ್ಟಾಗಿ ಎದುರಿಸುವ ಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿದವು, ಅದು ಸಣ್ಣ ಕೆಲಸವಲ್ಲ. ಆದರೆ ಸೋಂಕಿನ ಮಾದರಿ ಕೊಟ್ಟ ದೇಶಕ್ಕೆ ಅದರಿಂದ ತಯಾರಾದ ಲಸಿಕೆಯಲ್ಲಿ ಎಷ್ಟು ಪಾಲು ಅನ್ನೋ ಭಾಗವನ್ನು ಅವತ್ತು ಬಗೆಹರಿಸದೆ ಮುಂದಕ್ಕೆ ಹಾಕಿದರು. ಬಡ ದೇಶಗಳು ಮುಖ್ಯವಾಗಿ ಕೇಳುತ್ತಿದ್ದದ್ದು ಅದನ್ನೇ.